ಮಶಾಕಸಾಬರ ಸಣ್ಣ ಶೆಗಡಿ

೧೯೮೫ನೆಯ ಇಸವಿ ನವೆಂಬರ್ ೧೮, ಸೋಮವಾರ. ಕಾರ್ತಿಕ ಮಾಸದ ಮೊದಲ ವಾರ. ಎರಡು ದಿನ ಕವಿದಿದ್ದ ಮೋಡ ಒಂದು ಹನಿಯನ್ನೂ ಕೆಡವದೆ ಚದುರಿಹೋಗಿತ್ತು. ಮೂಡಣ ಗಾಳಿ ಬೀಸತೊಡಗಿತ್ತು. ಬೆಳಗಿನ ಏಳು ಗಂಟೆಯಾದರೂ ಸಂಶಿಯ ಸುತ್ತಲಿನ ಎರೆ ಹೊಲಗಳ ಮೇಲೆ ಇಬ್ಬನಿ ಕರಗಿರಲಿಲ್ಲ. ಬಸ್ಸು ನಿಲ್ಲುವ ಜಾಗದಿಂದ ಪಶ್ಚಿಮಕ್ಕೆ ನಾಲ್ಕನೆಯ ಮನೆಯ ಕಟ್ಟೆಯ ಮೇಲೆ, ಬಲಗೈಯನ್ನು ಕಂಬಳಿಯೊಳಗೆ ಇರಿಸಿಕೊಂಡು ಕುಳಿತಿದ್ದ ಮಶಾಕಸಾಬರು, ಒಂಬತ್ತು ದಿನಗಳಿಂದ ಮನಸ್ಸಿನಲ್ಲಿಯೇ ಹೊರಳಿಸುತ್ತಿದ್ದ ಮಾತನ್ನು ಅಂದು ಹೆಂಡತಿಯ ಮುಂದೆ ಇಟ್ಟರು.

“ಇನ್ನೊಂದು ಶೆಗಡಿ ಮಾಡಸ್ತೀನಿ. ಸಣ್ಣದು. ಸಂತಿಗೆ ಅಲ್ಲ. ವಾರದಾಗ ನಾಕು ಸಂಜಿ, ಇಲ್ಲೇ ನಮ್ಮ ಕಟ್ಟಿ ಮುಂದ.”

ಜುಲೇಖಾಬಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತಲಿಲ್ಲ.

“ಸುಡಾವ್ರು ಯಾರು?”

“ಯಾರು ಅಂದ್ರ? ನಾನ.”

“ಕೈ?”

“ಕೈಗೇನಾಗೇತಿ? ಬಂದೈತಿ ಕೈ.”

ಜುಲೇಖಾಬಿಯವರ ತವರು ಕಲಘಟಗಿ ತಾಲೂಕಿನ ಬಮ್ಮಿಗಟ್ಟಿ. ಸಮಾಧಾನದಲ್ಲಿದ್ದಾಗ ಅವರು ಗಂಡನೊಂದಿಗೆ ಉರ್ದುವಿನಲ್ಲಿಯೂ, ಸಮಾಧಾನ ತಪ್ಪಿದಾಗ ಕನ್ನಡದಲ್ಲಿಯೂ ಮಾತನಾಡುತ್ತಿದ್ದರು. ಆ ವರ್ಷದ ಮಾರ್ಚ್ ತಿಂಗಳಿನಿಂದ ಈಚೆಗೆ ಆ ಮನೆಯಲ್ಲಿ ಉರ್ದು ಕಡಿಮೆಯಾಗಿತ್ತು. ಅವರು ಮೊರವನ್ನು ಒಮ್ಮೆ ಕೇರಿ, ಹೊಟ್ಟನ್ನು ಊದಿ, “ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರಿ?” ಎಂದಷ್ಟೇ ಹೇಳಿ ಒಳಗೆ ಹೋದರು.

ಮಶಾಕಸಾಬರು ಹುಟ್ಟಿದ್ದು ೧೯೨೪ನೆಯ ಇಸವಿ ಏಪ್ರಿಲ್ ತಿಂಗಳಿನಲ್ಲಿ. ಅವರ ತಂದೆ ಸಂಶಿಯ ಹಿರಿಯ ಕಂಬಾರನಿಂದ ಕಬಾಬು ಸುಡುವ ದೊಡ್ಡ ಶೆಗಡಿಯನ್ನು ಹೊಡೆಸಿದ್ದು ೧೯೪೧ರಲ್ಲಿ. ನಾಲ್ಕು ಕಾಲಿನ ಮೇಲೆ ನಿಂತ ನಾಲ್ಕೂವರೆ ಅಡಿ ಉದ್ದದ ಕಬ್ಬಿಣದ ತೊಟ್ಟಿ ಅದು. ತಳದಲ್ಲಿ ಗಾಳಿಗೆ ತೂತುಗಳು. ಅದನ್ನು ಎತ್ತಲು ಇಬ್ಬರು ಆಳು ಬೇಕು. ಒಂದೂವರೆ ಬುಟ್ಟಿ ಜಾಲಿಯ ಇದ್ದಲಿಯನ್ನು ನುಂಗಿದ ಮೇಲೆಯೇ ಅದು ಕೆಲಸಕ್ಕೆ ಬರುವುದು. ಅದರ ಜೊತೆಗೆ ಮಾಡಿಸಿದ ಹದಿನೆಂಟು ಅಂಗುಲ ಉದ್ದದ, ಚೌಕನೆಯ ಕಬ್ಬಿಣದ ಸಳಿಗಳು ಇಪ್ಪತ್ತನಾಲ್ಕು. ೧೯೪೩ರಲ್ಲಿ, ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮಶಾಕಸಾಬರು ಮೊದಲ ಸಲ ಸಳಿಗೆ ಕೊಚ್ಚಿದ ಮಾಂಸ ಮೆತ್ತಿದರು. ಅಲ್ಲಿಂದ ನಲವತ್ತೆರಡು ವರ್ಷ ವಾರಕ್ಕೊಮ್ಮೆ ಗುಡಗೇರಿಯ ಸಂತೆ, ಉಳಿದ ಸಂಜೆಗಳಲ್ಲಿ ಸಂಶಿಯ ಬಸ್ಸಿನ ಜಾಗ.

ಅವರ ಕಬಾಬಿಗೆ ಒಂದು ಗುರುತು ಇತ್ತು. ಮಾಂಸದ ಮುದ್ದೆಯನ್ನು ಸಳಿಯ ತುದಿಗೆ ಇಟ್ಟು, ಮುಷ್ಟಿಯೊಳಗೆ ಹಿಡಿದು, ಮೇಲಿನಿಂದ ಕೆಳಕ್ಕೆ ಒಂದೇ ಎಳೆತದಲ್ಲಿ ಎಳೆಯುವರು. ಎಳೆದ ಮೇಲೆ ಅದರ ಮೇಲೆ ನಾಲ್ಕು ಬೆರಳಿನ ನಾಲ್ಕು ತಗ್ಗು ಸಾಲಾಗಿ ಉಳಿಯುವವು. ಬೆಂದಾಗ ಆ ತಗ್ಗುಗಳಲ್ಲಿ ಎಣ್ಣೆ ನಿಲ್ಲುವುದು. ಗುಡಗೇರಿಯ ಸಂತೆಯಲ್ಲಿ ಕಬಾಬಿನವರು ಮೂವರಿದ್ದರೂ, ಎಲೆಯ ಮೇಲೆ ನಾಲ್ಕು ತಗ್ಗು ಕಂಡರೆ ಅದು ಮಶಾಕಸಾಬರ ಕೈ ಎಂದು ಕಣ್ಣು ಮಂದವಾದವರೂ ಹೇಳುತ್ತಿದ್ದರು.

೧೯೮೫ನೆಯ ಮಾರ್ಚ್ ೧೪, ಗುರುವಾರ, ಬೆಳಗಿನ ಒಂಬತ್ತು ಗಂಟೆಗೆ ಆ ಕೈಯಿಂದ ಚಹದ ಬಸಿ ಜಾರಿ ಬಿದ್ದಿತು. ಬಸಿಯ ಹಿಂದೆ ಅವರೂ ಬಿದ್ದರು. ಲಕ್ವಾ ಹೊಡೆದಿತ್ತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಇಪ್ಪತ್ತೆರಡು ದಿನ ಇದ್ದು ಬಂದರು. ಮಾತು ಉಳಿಯಿತು, ಕಾಲು ಸ್ವಲ್ಪ ಎಳೆದರೂ ನಡೆಯಿತು, ಬಲಗೈ ಮಾತ್ರ ಮಡಚಿಕೊಂಡೇ ಉಳಿಯಿತು. ಡಾಕ್ಟರರು ಜುಲೇಖಾಬಿಯವರನ್ನು ಬಾಜುವಿಗೆ ಕರೆದು, ಆರು ತಿಂಗಳೊಳಗೆ ಎಷ್ಟು ಬರುವುದೋ ಅಷ್ಟೇ, ಮುಂದೆ ಬರುವುದು ಕಡಿಮೆ, ಎಂದಿದ್ದರು. ಬಾಗಿಲಿನ ಆಚೆಗಿದ್ದ ಮಶಾಕಸಾಬರು ಅದನ್ನು ಕೇಳಿಸಿಕೊಂಡಿದ್ದರು, ಕೇಳಿಸಿಕೊಂಡಿಲ್ಲವೆಂಬಂತೆ ಇದ್ದರು. ಆರು ತಿಂಗಳು ಮುಗಿದದ್ದು ಸೆಪ್ಟೆಂಬರ್ ೧೪, ಶನಿವಾರ. ಅಂದು ಅವರ ಬೆರಳುಗಳು ಬಟ್ಟಲು ಹಿಡಿಯುವಷ್ಟು ತೆರೆಯುತ್ತಿದ್ದವು, ತಾಟು ಹಿಡಿಯುವಷ್ಟು ಅಲ್ಲ. ಮರುದಿನದಿಂದ ಜುಲೇಖಾಬಿ ಔಡಲೆಣ್ಣೆ ತಿಕ್ಕುವುದನ್ನು ಬಿಡಲಿಲ್ಲ, “ಇವತ್ತ ಎಷ್ಟು ತೆರೀತು?” ಎಂದು ಕೇಳುವುದನ್ನು ಬಿಟ್ಟರು.

ದೊಡ್ಡ ಶೆಗಡಿ ಆಗಲೇ ಮನೆ ಬಿಟ್ಟಿತ್ತು. ಏಪ್ರಿಲ್ ೮, ಸೋಮವಾರ, ತಮ್ಮ ಅಬ್ದುಲಗನಿ ಗಾಡಿ ತಂದು, “ಸಂತಿ ಜಾಗಾ ಖಾಲಿ ಬಿಟ್ರ ನಾಳೆ ಮತ್ತೊಬ್ಬ ಗೂಟಾ ಬಡೀತಾನ, ಭಾಯಿ. ನೀವು ಆರಾಮಾಗೂತನಾ ನಾ ನೋಡ್ಕೋತೀನಿ,” ಎಂದು ಅದನ್ನು ಒಯ್ದಿದ್ದ. ಅದರಲ್ಲಿ ಕಪಟವಿರಲಿಲ್ಲ. ಸಳಿಗಳನ್ನು ಮಾತ್ರ ಮಶಾಕಸಾಬರು ಕೊಡಲಿಲ್ಲ. ಅಬ್ದುಲಗನಿ ಬೇರೆ ಸಳಿ ಮಾಡಿಸಿಕೊಂಡ.

ನವೆಂಬರದ ಆರಂಭದಲ್ಲಿ ಮಶಾಕಸಾಬರು ಏಳು ತಿಂಗಳ ಮೇಲೆ ಮೊದಲ ಬಾರಿಗೆ ಬಸ್ಸು ಹತ್ತಿ ಗುಡಗೇರಿಯ ಸಂತೆಗೆ ಹೋದರು. ತಮ್ಮನ ಹಿಂದೆ ಒಂದು ಗೋಣಿಚೀಲದ ಮೇಲೆ ಕುಳಿತು ನೋಡಿದರು. ಕೆಂಡ ಇನ್ನೂ ಉರಿಯುತ್ತಿರುವಾಗಲೇ ಅಬ್ದುಲಗನಿ ಸಳಿ ಇಡುತ್ತಿದ್ದ.

“ಉರಿ ಇಳೀಲಿ ಬಿಡಲೇ. ಬೆಂಕಿ ಹಚ್ಚಾಕ ಎಲ್ಲಾರ್ಗೂ ಬರ್ತೈತಿ, ಇಳಸಾಕ ಬರೂದಿಲ್ಲ.”

“ಮಂದಿ ನಿಂತಾರ ಭಾಯಿ. ನೀವು ಸುಮ್ಕ ಕೂಡ್ರಿ. ನೋಡಕೋತ ಕುಂತ್ರ ಸಾಕು.”

ನೋಡುತ್ತ ಕುಳಿತರೆ ಸಾಕು ಎಂಬ ಆ ಮಾತು ಅವರನ್ನು ಊರಿಗೆ ಮರಳಿದ ಮೇಲೂ ಬಿಡಲಿಲ್ಲ. ಸಂತೆ ತಮ್ಮನಿಗೇ ಇರಲಿ. ವಾರದ ಸಂಜೆಗಳಿಗೆ, ಒಬ್ಬನೇ ಎಡಗೈಯಿಂದ ಎಳೆದಾಡಬಲ್ಲಂಥ, ಅರ್ಧ ಬುಟ್ಟಿ ಇದ್ದಲಿಯಲ್ಲಿ ಕೆಂಡವಾಗುವಂಥ, ಹನ್ನೆರಡೇ ಸಳಿ ಹಿಡಿಯುವಂಥ ಒಂದು ಶೆಗಡಿ ಇದ್ದರೆ ತಾವು ಇನ್ನೂ ಕಬಾಬಿನ ಮಶಾಕಸಾಬರೇ. ಇಲ್ಲದಿದ್ದರೆ, ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತ ಒಬ್ಬ ಮುದುಕ. ಇದರ ನಡುವೆ ಮೂರನೆಯದೊಂದು ಅವರಿಗೆ ಕಾಣಲಿಲ್ಲ.

ಆರಿಸುವುದರಲ್ಲಿ ಅವರು ಅವಸರ ಮಾಡಲಿಲ್ಲ. ಎಣ್ಣೆಯ ಡಬ್ಬಿಯನ್ನು ಕತ್ತರಿಸಿ ಒಳಗೆ ಮಣ್ಣು ಮೆತ್ತಿದ ಶೆಗಡಿ ಅಂಗಡಿಯಲ್ಲಿಯೇ ಸಿಗುತ್ತಿತ್ತು. ಆದರೆ ಅದು ದುಂಡಗೆ, ಸಳಿ ಸಾಲಾಗಿ ಮಲಗದು. ಅಲ್ಲದೆ ಎರೆ ಮಣ್ಣಿನ ಲೇಪ ಒಂದು ವಾರದಲ್ಲಿ ಬಿರಿಯುವುದು. ಹುಬ್ಬಳ್ಳಿಯಲ್ಲಿ ಎರಕದ ಶೆಗಡಿ ಇದೆಯೆಂದು ನೇಕಾರ ದಾವೂದಸಾಬ ಹೇಳಿದ. ಅದನ್ನೂ ಹೋಗಿ ನೋಡಿದರು. ನೋಡಲು ಅಗದಿ ಚಂದ. ಎಡಗೈಯಿಂದ ಎತ್ತಿದರೆ ಒಂದು ಮೂಲೆ ಮಾತ್ರ ಮೇಲೆದ್ದಿತು. ಕೊನೆಗೆ ಉಳಿದದ್ದು ಹಳೆಯ ಪೀಪಾಯಿಯ ತಗಡಿನಿಂದ ಊರಿನ ಕಂಬಾರನಿಂದಲೇ ಮಾಡಿಸುವ ಹಾದಿ. ದೊಡ್ಡ ಶೆಗಡಿ ಹೊಡೆದವನ ಮಗ ಹೊಳೆಪ್ಪ ಈಗ ಅದೇ ಕಂಬಾರಸಾಲೆಯಲ್ಲಿ ತಿದಿ ಒತ್ತುತ್ತಿದ್ದ.

ನವೆಂಬರ್ ೨೧, ಗುರುವಾರ, ಅವರು ಹೊರಟು ನಿಂತಾಗ ಜುಲೇಖಾಬಿ ಒಂದು ಸಳಿಯನ್ನು ತಂದು ಮುಂದೆ ಹಿಡಿದರು.

“ಇದನ್ನ ತಗೊಂಡು ಹೋಗ್ರಿ. ಇದರ ಅಳತಿಗೆ ಮಾಡ್ಲಿ.”

“ನಲವತ್ತೆರಡು ವರ್ಷ ಹಿಡದ ಸಳಿ. ಅದರ ಅಳತಿ ಸಳ್ಯಾಗಿಲ್ಲ, ನನ್ನ ಕೈಯಾಗೈತಿ.”

“ಹಿಡದಿದ್ದು ಖರೇ. ಒಯ್ದ್ರ ಏನ್ ಭಾರ ಆಗ್ತೈತಿ?”

“ಅಡಗಿಗೆ ಉಪ್ಪು ತೂಗಿ ಹಾಕ್ತೀಯೇನ ನೀ?”

ಜುಲೇಖಾಬಿ ಆ ಸಳಿಯನ್ನು ಮತ್ತೆ ಸಳಿಗಳ ಕಟ್ಟಿನೊಳಗೆ ಸೇರಿಸಿದರು.

ಅಳತೆ ತೆಗೆದುಕೊಳ್ಳುವುದರಲ್ಲಿ ಹೊಳೆಪ್ಪನದು ತಂದೆಯಿಂದ ಬಂದ ಪದ್ಧತಿ. ಅವನ ಸಾಲೆಯಲ್ಲಿ ಟೇಪು ಇರಲಿಲ್ಲ, ಫೂಟುಪಟ್ಟಿಯೂ ಇರಲಿಲ್ಲ. ಕುಡಗೋಲಾಗಲಿ, ಕೊಡಲಿಯಾಗಲಿ, ಅದನ್ನು ಯಾರು ಹಿಡಿಯುವರೋ ಅವರೇ ಬಂದು ತಮ್ಮ ಬಲಗೈಯ ಗೇಣಿನಿಂದ ಒಂದು ಒಣ ಜೋಳದ ದಂಟನ್ನು ಅಳೆದು ಕೊಡಬೇಕು. ಅವನು ಅದನ್ನು ಗುರುತಿಗೆ ಮುರಿದು ಮಾಡಿನ ಗಳುವಿನಲ್ಲಿ ಸಿಕ್ಕಿಸುವನು. ಕೆಲಸ ಮುಗಿದ ಮೇಲೂ ಆರು ತಿಂಗಳು ಇಡುವನು. ಕೈಗೆ ತಕ್ಕ ಹತಾರು ಎಂಬುದು ಅವನ ವಾದ. ಎಡಗೈಯಿಂದ ಅಳೆದದ್ದನ್ನು ಆ ಸೀಮೆಯಲ್ಲಿ ಯಾರೂ ಮಾಡಿಸುವುದಿಲ್ಲ, ಯಾರೂ ಮಾಡುವುದಿಲ್ಲ.

ಅಂದು ಸಾಲೆಯಲ್ಲಿ ಎಡೆಕುಂಟೆಯ ಮೊಂಡಾದ ಕುಡ ಹಣಿಸಲು ಬಂದ ಒಕ್ಕಲಿಗ ಮಡಿವಾಳೆಪ್ಪ ಕುಳಿತಿದ್ದ, ಅವನೊಂದಿಗೆ ಇನ್ನಿಬ್ಬರು.

“ಬರ್ರಿ ಸಾಬ್ರ,” ಎಂದ ಹೊಳೆಪ್ಪ, ತಿದಿ ನಿಲ್ಲಿಸಿ. “ಭಾಳ ದಿವ್ಸಾತು. ಏನ್ ಮಾಡ್ಲಿ?”

“ಶೆಗಡಿ ಮಾಡು. ಸಣ್ಣದು. ಹನ್ನೆರಡು ಸಳಿ ಹಿಡೀಬೇಕು.”

“ಸಣ್ಣದು ಯಾಕ್ರಿ?” ಎಂದ ಮಡಿವಾಳೆಪ್ಪ. “ಗುಬ್ಬಿ ಸುಡಾವ್ರೇನು?”

“ನೀ ಲಿಂಗಾ ಕಟ್ಟಿದಾಂವ, ನಿನಗ್ಯಾಕಪಾ ನನ್ನ ಶೆಗಡಿ ಚಿಂತಿ? ಹಸಿ ತೆನಿ ಬಂದಾಗ ತಗೊಂಡು ಬಾ, ನಿನಗೂ ಸುಟ್ಟು ಕೊಡ್ತೀನಿ.”

ಎಲ್ಲರೂ ನಕ್ಕರು. ಮಶಾಕಸಾಬರೂ ನಕ್ಕರು, ಆ ನಗೆಯಲ್ಲಿ ಅವರಿಗೆ ಹಳೆಯ ದಿನಗಳೇ ಮರಳಿದಂತಾಯಿತು. ಅದೇ ಹುಮ್ಮಸ್ಸಿನಲ್ಲಿ ಬಲಗೈಯನ್ನು ಕಂಬಳಿಯಿಂದ ಹೊರಗೆ ತೆಗೆದರು. ಹೊಳೆಪ್ಪ ದಂಟು ಕೊಟ್ಟ.

“ಉದ್ದ ಮೂರು ಗೇಣು. ಅಗಲ ಅದರ ಅರ್ಧ,” ಎಂದು ಹೇಳಿ ಅವರು ಹೆಬ್ಬೆರಳನ್ನು ದಂಟಿನ ತುದಿಗೆ ಊರಿದರು. ಕಿರುಬೆರಳನ್ನು ಚಾಚಿದರು. ಗಂಟುಗಳು ಬೆಳ್ಳಗಾದವು. ಒಂದು. ಎರಡು. ಮೂರು. ಎಂಟು ತಿಂಗಳಲ್ಲಿ ಆ ಕೈ ಅಷ್ಟು ತೆರೆದದ್ದು ಅದೇ ಮೊದಲು. ಅವರಿಗೆ ಅದು ಪೂರ್ತಿ ತೆರೆದಂತೆಯೇ ಅನಿಸಿತು.

ಹೊಳೆಪ್ಪ ದಂಟನ್ನು ನೋಡಿದ, ಕೈಯನ್ನು ನೋಡಿದ.

“ಇನ್ನೊಮ್ಮಿ ಅಳೀರಿ ಸಾಬ್ರ. ದಂಟು ಸರದಂಗಾತು.”

“ಸರದಿಲ್ಲ.”

“ಇಲ್ಲಾಂದ್ರ ಈ ಕೈಲೆ ಒಂದ ಸಲ...” ಎಂದು ಅವನು ಅವರ ಎಡಗೈಯ ಕಡೆಗೆ ಗೋಣು ಹಾಕಿದ.

“ಎಡಗೈಲೆ ಅಳದದ್ದು ಎಂದಾರ ಚಲೋ ಆಗೇತೇನು? ಮುರಿ ದಂಟು.”

ಹೊಳೆಪ್ಪ ಮಡಿವಾಳೆಪ್ಪನ ಕಡೆಗೆ ಒಮ್ಮೆ ನೋಡಿದ. ಮಡಿವಾಳೆಪ್ಪನ ತುಟಿಯ ಮೇಲೆ ನಗೆ ಇನ್ನೂ ಆರಿರಲಿಲ್ಲ. ಹೊಳೆಪ್ಪ ಗುರುತಿಗೆ ದಂಟು ಮುರಿದು ಗಳುವಿನಲ್ಲಿ ಸಿಕ್ಕಿಸಿದ.

ಮುಂದಿನ ಹನ್ನೊಂದು ದಿನ ಮಶಾಕಸಾಬರ ಮನೆಯಲ್ಲಿ ಸಿದ್ಧತೆ ನಡೆಯಿತು. ಬಮ್ಮಿಗಟ್ಟಿಯಿಂದ ಜುಲೇಖಾಬಿಯವರ ಅಣ್ಣ ಎರಡು ಚೀಲ ಇದ್ದಲಿಯನ್ನು ಬಸ್ಸಿನ ಮೇಲೆ ಹಾಕಿ ಕಳುಹಿಸಿದ. ಡಿಸೆಂಬರ್ ೫, ಗುರುವಾರ, ಸಂಜೆಗೆ ಬೆಂಕಿ ಹಚ್ಚುವುದೆಂದು ಮಶಾಕಸಾಬರು ಕಟ್ಟೆಯ ಮುಂದೆ ಹಾದುಹೋದ ಹನ್ನೊಂದು ಮಂದಿಗೆ ಹೇಳಿದರು. ನಮಾಜು ಮುಗಿಸಿ ಬಂದ ಮಧ್ಯಾಹ್ನಗಳಲ್ಲಿ ಹೆಂಡತಿಯ ಕಣ್ಣು ತಪ್ಪಿಸಿ, ನಾದಿಟ್ಟ ಜೋಳದ ಹಿಟ್ಟನ್ನು ಸಳಿಗೆ ಮೆತ್ತಿ ಎಳೆದು ನೋಡಿದರು. ಒಂದು ದಿನ ಆ ಸಳಿ ಜುಲೇಖಾಬಿಯವರ ಕೈಗೆ ಸಿಕ್ಕಿತು. ಹಿಟ್ಟಿನ ಮೇಲೆ ಇದ್ದದ್ದು ಎರಡು ಬೆರಳಿನ ತಗ್ಗು, ಒಂದು ಉಗುರಿನ ಗೀರು. ಅವರು ಹಿಟ್ಟನ್ನು ಬಿಡಿಸಿ, ಮತ್ತೆ ನಾದಿ, ರೊಟ್ಟಿ ಬಡಿದು, ಗಂಡನ ತಾಟಿಗೆ ಹಾಕಿದರು.

ಡಿಸೆಂಬರ್ ೨, ಸೋಮವಾರ, ಹತ್ತು ಗಂಟೆಗೆ ಹೊಳೆಪ್ಪ ಶೆಗಡಿಯನ್ನು ತಾನೇ ತಲೆಯ ಮೇಲೆ ಹೊತ್ತು ತಂದು ಕಟ್ಟೆಯ ಮುಂದೆ ಇಳಿಸಿದ. ಚಹಾ ಕುಡಿದು ಹೋಗೆಂದರೂ ನಿಲ್ಲಲಿಲ್ಲ.

ಕೆಲಸ ಚೊಕ್ಕವಾಗಿತ್ತು. ಕಾಲುಗಳು ನೆಲಕ್ಕೆ ಸರಿಯಾಗಿ ಕೂತಿದ್ದವು. ಅಂಚು ಮಡಚಿ ಬಡಿದಿತ್ತು. ಎಡಗೈಯಿಂದ ಎಳೆದರೆ ಹಗುರಾಗಿ ಬರುತ್ತಿತ್ತು. ಮಶಾಕಸಾಬರು ಸಳಿಯ ಕಟ್ಟನ್ನು ಬಿಚ್ಚಿ, ಒಂದನ್ನು ಅಡ್ಡ ಇಟ್ಟರು. ಸಳಿಯ ಅರ್ಧದಷ್ಟು ಶೆಗಡಿಯಿಂದ ಹೊರಗೆ ಚಾಚಿ, ಹಿಡಿಯ ಭಾರಕ್ಕೆ ವಾಲಿ, ಟಣ್ಣೆಂದು ನೆಲಕ್ಕೆ ಬಿದ್ದಿತು. ಇನ್ನೊಂದನ್ನು ಇಟ್ಟರು. ಅದೂ ಬಿದ್ದಿತು. ಉದ್ದಕ್ಕೆ ಸಾಲಾಗಿ ಎಣಿಸಿದರೆ ಹನ್ನೆರಡರ ಜಾಗದಲ್ಲಿ ಎಂಟು.

“ತಗಡು ತಿಂದಾನ!” ಎಂದು ಅವರು ಕೂಗಿದರು. “ಹಲ್ಕಟ್! ಅವರಪ್ಪ ಒಂದು ಮೊಳಿ ಮುಟ್ಟಾಂವ ಅಲ್ಲ, ಇಂವ ತಗಡ ತಿಂದಾನ!”

“ಹೊಳೆಪ್ಪ ತಿನ್ನಾಂವ ಅಲ್ರಿ,” ಎಂದರು ಬಾಗಿಲಿನಿಂದ ಜುಲೇಖಾಬಿ.

“ಮತ್ತ ನಾ ತಿಂದ್ನೇನು?”

ಮಶಾಕಸಾಬರು ಕಂಬಳಿಯನ್ನೂ ಹೊದೆಯದೆ ಹೊರಟರು. ಕಂಬಾರಸಾಲೆ ಆರು ನೂರು ಹೆಜ್ಜೆ. ಮೂರು ಕಡೆ ನಿಂತರು. ಅಂದು ಸಾಲೆಯಲ್ಲಿ ಹೊಳೆಪ್ಪನ ಹೊರತು ಯಾರೂ ಇರಲಿಲ್ಲ.

“ನಾ ಎಷ್ಟು ಹೇಳಿದ್ದೆ, ನೀ ಎಷ್ಟು ಮಾಡೀದಿ?”

ಹೊಳೆಪ್ಪ ಎದ್ದು ಗಳುವಿನಿಂದ ದಂಟನ್ನು ತೆಗೆದು ಅವರ ಮುಂದೆ ಅಡಿಗಲ್ಲಿನ ಮೇಲೆ ಇಟ್ಟ. “ಅಳೀರಿ,” ಎಂದ.

ಮಶಾಕಸಾಬರು ಬಲಗೈ ಊರಿದರು. ಒಂದು. ಎರಡು. ಮೂರು. ಕಿರುಬೆರಳು ದಂಟಿನ ತುದಿಗೆ ಕೂದಲೆಳೆಯಷ್ಟೂ ತಪ್ಪದೆ ಮುಟ್ಟಿತು. ಅವರು ದಂಟನ್ನು ತಿರುಗಿಸಿ ನೋಡಿದರು. ಎರಡನೆಯ ಸಲ ಮುರಿದ ಗುರುತು ಎಲ್ಲಿಯೂ ಇರಲಿಲ್ಲ. ಹೊಳೆಪ್ಪ ತಿದಿಯ ಸರಪಳಿಯನ್ನು ಹಿಡಿದುಕೊಂಡು, ಒತ್ತದೆ ನಿಂತಿದ್ದ. ಮಶಾಕಸಾಬರು, ತಮ್ಮ ಅರವತ್ತೊಂದು ವರ್ಷದ ಆಯುಷ್ಯದಲ್ಲಿ ಎಂದೂ ಮಾಡದ ಕೆಲಸವನ್ನು ಮಾಡಿದರು: ಎಡಗೈಯನ್ನು ದಂಟಿನ ಮೇಲೆ ಊರಿದರು. ಒಂದು. ಎರಡು. ದಂಟು ಮುಗಿಯುತ್ತ ಬಂದಿತು. ಉಳಿದದ್ದು ಎರಡು ಬೆರಳಗಲ.

“ನಾ ಅವತ್ತ ನೋಡಿದ್ನಿರಿ,” ಎಂದ ಹೊಳೆಪ್ಪ. “ಮಡಿವಾಳೆಪ್ಪ ಕುಂತಿದ್ದ. ನಾಕು ಮಂದ್ಯಾಗ ನಿಮ್ಮ ಕೈ ಸಣ್ಣದಾಗೇತ್ರಿ ಅಂತ ಹೆಂಗ ಹೇಳ್ಲಿ? ನಮ್ಮಪ್ಪ ನಿಮ್ಮ ಗೇಣು ಹಿಡದು ಹತಾರ ಮಾಡಿದಾಂವ.”

ಮಶಾಕಸಾಬರು ದಂಟಿನ ಮೇಲಿಂದ ಎಡಗೈ ತೆಗೆದರು.

“ತಗಡು ಇನ್ನೂ ಐತ್ರಿ. ಬ್ಯಾರೆ ಮಾಡಿ ಕೊಡ್ತೀನಿ. ಅಳತಿ ಕೊಡ್ರಿ.”

“ಯಾವ ಕೈಲೆ ಕೊಡ್ಲಿ?”

ಸಳಿಯನ್ನಾದರೂ ತನ್ನಿರಿ ಎಂದು ಹೊಳೆಪ್ಪ ಹೇಳಬಹುದಾಗಿತ್ತು. ಆದರೆ ಮಶಾಕಸಾಬರು ಕೇಳಿದ್ದು ಶೆಗಡಿಯ ಅಳತೆಯನ್ನಲ್ಲವೆಂದು ಅವನಿಗೂ ತಿಳಿದಿತ್ತು. ಮಶಾಕಸಾಬರು ದಂಟನ್ನು ತಾವೇ ಗಳುವಿನಲ್ಲಿ ಮತ್ತೆ ಸಿಕ್ಕಿಸಿ, ಬಂದ ಹಾದಿಯಲ್ಲಿಯೇ ಮರಳಿದರು.

ಗುರುವಾರದ ಮಾತು ಹನ್ನೊಂದು ಮಂದಿಗೆ ಹೇಳಿಯಾಗಿತ್ತು. ಕೊಟ್ಟ ಮಾತನ್ನು ತಪ್ಪುವವರಲ್ಲ ಅವರು. ಮಂಗಳವಾರ, ಬುಧವಾರ ಎರಡೂ ದಿನ ಯೋಚಿಸಿ ಒಂದು ಹಂಚಿಕೆ ಹಾಕಿದರು: ಸಳಿಗೆ ಮಾಂಸವನ್ನು ಎಂದಿನದರ ಮುಕ್ಕಾಲು ಪಾಲೇ ಮೆತ್ತಿದರೆ ಅದು ಕೆಂಡದ ಮೇಲೆಯೇ ಇರುವುದು, ಹೊರಗೆ ಚಾಚಿದ ತುದಿಗೆ ಕೆಳಗೊಂದು ಇಟ್ಟಿಗೆಯ ಸಾಲು ಕೊಟ್ಟರೆ ವಾಲದು. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಇಟ್ಟಿಗೆಗಳನ್ನು ಜುಲೇಖಾಬಿ ಹಿತ್ತಿಲಿನಿಂದ ತಂದು ಜೋಡಿಸಿದರು.

ಡಿಸೆಂಬರ್ ೫, ಗುರುವಾರ, ಸಂಜೆ ಐದೂವರೆಗೆ ಬೆಂಕಿ ಹಚ್ಚಿದರು. ಗಾಳಿ ಇರಲಿಲ್ಲ. ಕಾಲು ತಾಸಿನಲ್ಲಿ ಇದ್ದಲಿ ಕೆಂಡವಾಗಿ, ಉರಿ ಇಳಿದು, ಮೇಲೆ ತೆಳ್ಳಗೆ ಬೂದಿ ಕಟ್ಟಿತು. ಅಂಥ ಬೆಂಕಿಯನ್ನು ಅಬ್ದುಲಗನಿ ಜನ್ಮದಲ್ಲಿ ಮಾಡಿರಲಿಲ್ಲ. ಹನ್ನೊಂದು ಮಂದಿಯಲ್ಲಿ ಬಂದವರು ನಾಲ್ವರು. ಮೂವರು ದೂರ ನಿಂತರು. ದಾವೂದಸಾಬ ಎದುರಿನ ಕಲ್ಲಿನ ಮೇಲೆ ಕುಳಿತ.

“ಎಂಟು ತಿಂಗಳಾತು ನೋಡ್ರಿ, ಈ ವಾಸನಿ ಮೂಗಿಗೆ ಬಡದು,” ಎಂದ ಅವನು. “ನಿಮ್ಮ ತಮ್ಮ ಸುಡೂದು ಕಬಾಬ ಅಲ್ಲ, ಚಪ್ಪಲಿ.”

“ತಡಿಯಪಾ. ಇನ್ನ ಸಳಿ ಇಟ್ಟಿಲ್ಲ, ಆಗಲೇ ಹೊಗಳಬ್ಯಾಡ.”

ಮಶಾಕಸಾಬರು ಎಡಗೈಯಲ್ಲಿ ಸಳಿ ಹಿಡಿದು, ಬಲಗೈಯಿಂದ ಮುದ್ದೆಯನ್ನು ಇಟ್ಟು ಎಳೆದರು. ಮುಷ್ಟಿ ಮುಚ್ಚಲಿಲ್ಲ. ಮಾಂಸ ಒಂದು ಕಡೆಗೆ ದಪ್ಪಗೆ, ಇನ್ನೊಂದು ಕಡೆಗೆ ಸಳಿ ಕಾಣುವಷ್ಟು ತೆಳ್ಳಗೆ ಹತ್ತಿತು. ಎರಡನೆಯದೂ ಹಾಗೆಯೇ. ಮೂರನೆಯದೂ ಹಾಗೆಯೇ. ಮೂರನ್ನೂ ಕೆಂಡದ ಮೇಲೆ ಇಟ್ಟರು. ಬಿಸಿ ತಾಗುತ್ತಲೇ ಮೊದಲನೆಯದರ ಮಾಂಸ ಬಿರಿದು, ಜಾರಿ, ಕೆಂಡದೊಳಗೆ ಬಿದ್ದು ಚುರ್ರೆಂದಿತು. ಅದನ್ನು ತೆಗೆಯಲು ಹೋಗುವಷ್ಟರಲ್ಲಿ ಎರಡನೆಯದು. ಮೂರನೆಯದನ್ನು ತಿರುಗಿಸಬೇಕೆಂದು ಬಲಗೈಯ ಬೆರಳು ಚಾಚಿದರು. ಸಳಿ ತಿರುಗಿತು, ಮಾಂಸ ತಿರುಗಲಿಲ್ಲ. ಅದೂ ಬಿದ್ದಿತು. ದೂರ ನಿಂತ ಮೂವರಲ್ಲಿ ಒಬ್ಬ ಬಸ್ಸು ಬಂತೆಂದ, ಬಸ್ಸು ಬಂದಿರಲಿಲ್ಲ, ಮೂವರೂ ಹೋದರು.

ದಾವೂದಸಾಬ ಎದ್ದು ಬಂದು, ಬಾಗಿ, ಬಿದ್ದುದರಲ್ಲಿ ಒಂದು ಚೂರನ್ನು ಕಡ್ಡಿಯಿಂದ ಹೊರಗೆ ತೆಗೆದ. ಬೂದಿಯನ್ನು ಊದಿ ಬಾಯಿಗೆ ಹಾಕಿಕೊಂಡ.

“ಬೂದಿ ಹತ್ತಿದ್ರೂ ರುಚಿ ನಿಮ್ಮ ಕೈದ ಐತ್ರಿ,” ಎಂದ.

“ದಾವೂದ,” ಎಂದರು ಮಶಾಕಸಾಬರು, “ಎದ್ದು ಹೋಗಪಾ.”

“ನಿಂತೀನ್ರಿ ನಾ, ಕುಂತಿಲ್ಲ.”

“ಹಂಗಾರ ನಡಿ.”

ಅವನು ಹೋದ ಮೇಲೆ ಜುಲೇಖಾಬಿ ಬಾಗಿಲಿನ ಪರದೆಯನ್ನು ಸರಿಸಿ ಹೊರಗೆ ಬಂದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವರು ಸಂಜೆಯ ಹೊತ್ತು ಆ ಕಟ್ಟೆಯ ಮುಂದೆ ಕುಳಿತವರಲ್ಲ. ಅಂದು ಗಂಡನ ಬಾಜು ಕುಳಿತರು. ಬೋಗಾಣಿಯಲ್ಲಿ ಉಳಿದ ಮಾಂಸವನ್ನು ತಮ್ಮ ಕಡೆಗೆ ಎಳೆದುಕೊಂಡು, ಒಂದು ಸಳಿಯನ್ನು ಎತ್ತಿ, ಮೆತ್ತಿ, ಒಂದೇ ಎಳೆತದಲ್ಲಿ ಎಳೆದರು. ನಾಲ್ಕು ತಗ್ಗು ಬಿದ್ದವು, ಸಣ್ಣ ತಗ್ಗುಗಳು.

“ಯಾವಾಗ ಕಲತಿ?” ಎಂದರು ಮಶಾಕಸಾಬರು.

“ಮೂವತ್ತೆಂಟು ವರ್ಷ ನೋಡೇನಿ.”

ಮಶಾಕಸಾಬರು ಆ ಸಳಿಯನ್ನು ನೋಡಿದರು. ಆಮೇಲೆ ತಂಬಿಗೆಯನ್ನು ಎಡಗೈಯಲ್ಲಿ ಎತ್ತಿ, ನೀರನ್ನು ಕೆಂಡದ ಮೇಲೆ ಸುರಿದರು. ಆರಿದ ಇದ್ದಲಿಯನ್ನು ಬೇರೆ ತೆಗೆದು ಒಣಗಿಸಿದರೆ ಮತ್ತೆ ಬರುವುದೆಂದು ಇದ್ದಲಿಯ ಊರಾದ ಬಮ್ಮಿಗಟ್ಟಿಯ ಮಗಳು ಜುಲೇಖಾಬಿಗೆ ತಿಳಿದಿತ್ತು. ಅವರು ಅದನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿದರು.

ಮುಂದೆ ನಡೆದದ್ದು ಇಷ್ಟು. ಡಿಸೆಂಬರ್ ೯, ಸೋಮವಾರ, ಮತ್ತು ಡಿಸೆಂಬರ್ ೧೨, ಗುರುವಾರ, ಹೀಗೆ ಇನ್ನೆರಡು ಸಂಜೆ ಕಟ್ಟೆಯ ಮುಂದೆ ಶೆಗಡಿ ಹೊತ್ತಿತು. ಜುಲೇಖಾಬಿ ಒಳಗೆ ಮೆತ್ತಿ ಕೊಟ್ಟರು, ಮಶಾಕಸಾಬರು ಹೊರಗೆ ಸುಟ್ಟರು. ಎರಡನೆಯ ಸಂಜೆ ಗಿರಾಕಿಯೊಬ್ಬ ಎಲೆಯನ್ನು ನೋಡಿ, “ಬೆರಳು ಸಣ್ಣವು ಅದಾವಲ್ರಿ,” ಎಂದ. ಅದರ ಮೇಲೆ ಮಶಾಕಸಾಬರು ಹೊರಗೆ ಬೆಂಕಿ ಹಚ್ಚಲಿಲ್ಲ. ಡಿಸೆಂಬರ್ ೧೬ರಂದು ಇಪ್ಪತ್ತೆರಡು ಸಳಿಗಳನ್ನು ಅಬ್ದುಲಗನಿಗೆ ಕಳುಹಿಸಿದರು. ಎರಡು ಮನೆಯಲ್ಲಿ ಉಳಿದವು, ಕೆಂಡ ಕೆದಕಲು ಬಳಕೆಯಾದವು. ಸಣ್ಣ ಶೆಗಡಿ ಒಳಗೆ ಹೋಯಿತು. ಇಬ್ಬರ ಸಂಜೆಯ ಅಡಿಗೆಗೆ, ನಾಲ್ಕು ರೊಟ್ಟಿ ಉಬ್ಬಿಸಲು, ಎರಡು ಬದನೆಕಾಯಿ ಸುಡಲು, ಅದು ಸರಿಯಾಗಿತ್ತು. ಮಶಾಕಸಾಬರು ಅಂದಿನಿಂದ ಕಬಾಬು ತಿನ್ನಲಿಲ್ಲ. ೧೯೮೭ನೆಯ ಆಗಸ್ಟ್ ೧೧, ಮಂಗಳವಾರ, ಎರಡನೆಯ ಸಲ ಲಕ್ವಾ ಹೊಡೆದು ತೀರಿಕೊಂಡರು. ಹೊಳೆಪ್ಪನ ಸಾಲೆಯ ಗಳುವಿನಲ್ಲಿದ್ದ ದಂಟನ್ನು ಅದಕ್ಕೂ ಮೊದಲೇ ಗೆದ್ದಲು ತಿಂದಿತ್ತು. ಜುಲೇಖಾಬಿ ೧೯೮೭ನೆಯ ಅಕ್ಟೋಬರ್ ೧, ಗುರುವಾರ, ಅಣ್ಣನ ಮನೆಗೆಂದು ಬಮ್ಮಿಗಟ್ಟಿಗೆ ಹೋದರು. ಶೆಗಡಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದರು. ಅದರ ಉದ್ದ ಹತ್ತೊಂಬತ್ತೂವರೆ ಅಂಗುಲ, ಅಗಲ ಒಂಬತ್ತೂಮುಕ್ಕಾಲು.